ಪೆಡಲಿಗೆ ಹೊಲಿದ ಪಟ್ಟಿ

ಬೆಟಗೇರಿಯಲ್ಲಿ ನಮ್ಮ ಓಣಿಯ ತಿರುವಿನಲ್ಲಿದ್ದ ಸೈಕಲ್ ರಿಪೇರಿಯವರನ್ನು ಎಲ್ಲರೂ ಚಾಚಾ ಎನ್ನುತ್ತಿದ್ದರು. ಪೋಲಿಯೊದಿಂದ ಸೊರಗಿದ್ದ ನನ್ನ ಮಗಳ ಎಡಗಾಲು ಪೆಡಲ್ ಮೇಲೆ ನಿಲ್ಲುತ್ತಿರಲಿಲ್ಲ. ಹೈಸ್ಕೂಲು ದೂರ; ಸೈಕಲ್ ಬಾರದಿದ್ದರೆ ಅವಳ ಓದು ಅಲ್ಲಿಗೇ ಮುಗಿಯುತ್ತಿತ್ತು. ಚಾಚಾ ಪಾದ ಹಿಡಿಯುವಂತೆ ಪೆಡಲಿಗೆ ಚರ್ಮದ ಪಟ್ಟಿ ಹೊಲಿದರು. ಹೊಸ ಚರ್ಮ ಬಿರುಸು, ಕಾಲು ಸಿಕ್ಕಿಕೊಂಡೀತೆಂದು ದಿನಾ ಔಡಲ ಎಣ್ಣೆ ತಿಕ್ಕಿ ಮೆತ್ತಗೆ ಮಾಡಿದರು. ಅವಳಿಗೆ ಗೋಡೆ ಹಿಡಿಸಿ, "ತುಳಿಯೂದು ಆಮ್ಯಾಲ ಬೇಟಿ, ಮೊದಲ ಕಾಲು ಬಿಡಿಸಾಕ ಕಲಿ," ಎನ್ನುತ್ತಿದ್ದರು.

ಒಮ್ಮೆ ತಾವೇ ತೋರಿಸಲು ಹತ್ತಿದವರು ಕಾಲು ಬಿಡಿಸುವುದನ್ನು ಮರೆತು, ಅಂಗಡಿಯ ಮುಂದೆ ಸೈಕಲ್ ಸಮೇತ ಬಿದ್ದರು. ಮಗಳು ಕಿಸಕ್ಕನೆ ನಕ್ಕಳು.

"ನಗು, ನಗು. ನಿನ್ನ ಪಾಲಿಂದೂ ನಾನ ಬಿದ್ದೇನಿ!"

ಅವಳ ಅಂಜಿಕೆ ಅಂದೇ ಹೋಯಿತು.

ಅವಳು ಒಬ್ಬಳೇ ಹೊರಟ ದಿನ ನಾನು ಮೊದಲೇ ಹೋಗಿ ಶಾಲೆಯ ಗೇಟಿನ ಬಳಿ ದೇವರನ್ನು ನೆನೆಯುತ್ತ ನಿಂತೆ. ಬಂದಳು, ಹಿಮ್ಮಡಿ ತಿರುಗಿಸಿದಳು, ಪಾದ ಹೊರಬಂತು, ಇಳಿದು ನಿಂತಳು. ನಿಟ್ಟುಸಿರು ಬಿಟ್ಟು ತಿರುಗಿದರೆ ಗೋಡೆಯ ಮರೆಯಲ್ಲಿ ಚಾಚಾ!

"ಅಂಗಡಿ ಬಿಟ್ಟು ಇಲ್ಲ್ಯಾಕ ಬಂದ್ರಿ?"

"ಗಾಲಿಗೆ ಗಾಳಿ ಐತೇನಂತ ನೋಡಾಕ ಬಂದಿದ್ದೆ ಅಕ್ಕಾರ."

ಪಂಪು ತಂದಿರಲಿಲ್ಲ. ಕೈಯಲ್ಲಿ ಜಪಮಣಿ ಇತ್ತು.