ದಾರಿಗೆ ಬಂದ ಗ್ರಹ

1998ರ ನವೆಂಬರಿನಲ್ಲಿ ನನ್ನ ಗ್ರಹ ದಾರಿ ತಪ್ಪಿತ್ತು. ಭಕ್ತ ಬಂಧುಗಳು ಜಾತಕ ತೆಗೆಯುವುದು ಬೇಡ. ನಾನು ಹೇಳುತ್ತಿರುವುದು ಕಂಪ್ಯೂಟರ್ ಪರದೆಯ ಮೇಲಿನ ಗ್ರಹ.

ನಾನು ಉಪ್ಪುಂದದ ಮೀನುಗಾರರ ಮನೆಯವಳು. ಕುಂದಾಪುರದ ಕಾಲೇಜೊಂದರಲ್ಲಿ ಗಣಿತ ಪಾಠ ಮಾಡುತ್ತಿದ್ದೆ. ನಲವತ್ತು ದಾಟಿದ ಮೇಲೆ ಡಾಕ್ಟರೇಟ್ ಸಂಶೋಧನೆಗೆ ಕೈ ಹಾಕಿದ್ದೆ. ಸೂರ್ಯನನ್ನು ಸುತ್ತುವ ಗ್ರಹದ ಸ್ಥಾನ, ವೇಗ ಎರಡನ್ನೂ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಲೆಕ್ಕ ಹಾಕಿ, ಬಹಳ ಕಾಲದ ನಂತರ ಅದು ಎಲ್ಲಿರುತ್ತದೆಂದು ತೋರಿಸಬೇಕಿತ್ತು. ನನ್ನ ಗ್ರಹವೋ ಪ್ರತಿ ಸುತ್ತಿಗೂ ಒಂದಿಷ್ಟು ಹೊರಗೆ ಸರಿದು, ಕೊನೆಗೆ ಸೂರ್ಯನನ್ನೇ ಬಿಟ್ಟು ಹೋಗುತ್ತಿತ್ತು. ಹೆಜ್ಜೆ ಕಿರಿದು ಮಾಡಿದರೆ ನಿಧಾನವಾಗಿ ಹೋಗುತ್ತಿತ್ತು, ಅಷ್ಟೆ.

"ಮೇಡಂ, ಇನ್ನು ಅವಧಿ ವಿಸ್ತರಣೆ ಸಿಗುವುದಿಲ್ಲ. ತಿಂಗಳೊಳಗೆ ಇದು ಸರಿಯಾಗದಿದ್ದರೆ ನೋಂದಣಿ ರದ್ದಾಗುತ್ತದೆ" ಎಂದರು ಮಾರ್ಗದರ್ಶಕರು. ಆರು ವರ್ಷದ ದುಡಿಮೆ ಅದು.

ಸಂಕಷ್ಟಿಯ ದಿನ ಉಪವಾಸವಿದ್ದು ಏಳು ಹತ್ತರ ಬಸ್ಸು ಹತ್ತಿದೆ. ಮರವಂತೆವರೆಗೂ ನಿಂತೇ ಹೋದೆ. ಕುಂಭಾಶಿಯಲ್ಲಿ ವಿನಾಯಕನೆದುರು ಕೈಮುಗಿದಾಗ ಕಣ್ಣೀರು ಬಂತು. ತೀರ್ಥ ಪ್ರಸಾದ ತೆಗೆದುಕೊಂಡು ಹಿಂದಿರುಗಿದೆ.

ಮರುದಿನ ಭಾನುವಾರ. ಅಣ್ಣನಿಗೆ ಚಹಾ ಕೊಡಲೆಂದು ಸಮುದ್ರದ ದಡಕ್ಕೆ ಹೋದೆ. ಅಲ್ಲಿ ಕೈರಂಪಣಿ ಬಲೆ ಎಳೆಯುತ್ತಿದ್ದರು. ಬಲೆಯ ತೆಂಕು, ಅಂದರೆ ದಕ್ಷಿಣ ತುದಿಯ ಹಗ್ಗವನ್ನು ಒಂದು ತಂಡ, ಬಡಗು, ಅಂದರೆ ಉತ್ತರ ತುದಿಯದನ್ನು ಇನ್ನೊಂದು ತಂಡ ಹಿಡಿದು, ಎಳೆಯುತ್ತಾ ಎಳೆಯುತ್ತಾ ದಡದಲ್ಲಿ ಪರಸ್ಪರ ಹತ್ತಿರ ಬರಬೇಕು. ಅಂದು ಎದುರಿನವರು ಮೊದಲಿದ್ದ ಜಾಗ ನೋಡಿಕೊಂಡು ಎರಡೂ ತಂಡ ಒಟ್ಟಿಗೇ ಸರಿದು ಬಲೆ ಓರೆಯಾಗಿತ್ತು, ಮೀನು ಬದಿಯಿಂದ ತಪ್ಪಿಸಿಕೊಳ್ಳುತ್ತಿತ್ತು. ಅಣ್ಣ ಕೂಗಿದ:

"ಹ್ವಾಯ್, ಅವ್ರ್ ಆಗ ಎಲ್ಲಿದ್ದಿರ್ ಅಂದೇಳಿ ಕಂಡ್ ಎಂತ ಮಾಡ್ತ್ರಿ? ಮೊದ್ಲ್ ತೆಂಕಿನವ್ರ್ ಸರೀಲಿ. ಅವ್ರ್ ಈಗ ಎಲ್ಲಿದ್ರ್ ಕಂಡ್ಕಂಡ್ ಮತ್ತೆ ಬಡಗಿನವ್ರ್!"

ಚಹಾದ ಪಾತ್ರೆ ಹಿಡಿದುಕೊಂಡೇ ನಿಂತುಬಿಟ್ಟೆ. ನಾನೂ ಅದನ್ನೇ ಮಾಡುತ್ತಿದ್ದೆ! ಹಳೆಯ ಸ್ಥಾನ ನೋಡಿ ವೇಗವನ್ನು, ಹಳೆಯ ವೇಗ ನೋಡಿ ಸ್ಥಾನವನ್ನು, ಎರಡನ್ನೂ ಒಟ್ಟಿಗೇ ಸರಿಸುತ್ತಿದ್ದೆ.

"ಎಂತ ಹೆಣೆ, ಚಾ ಕೊಡ್ತ್ಯಾ, ಅಲ್ಲ ತಣಿಸ್ತ್ಯಾ?" ಎಂದ ಅಣ್ಣ.

ಸೋಮವಾರ ಕಾಲೇಜಿಗೆ ಹೋದವಳೇ ಮೊದಲು ವೇಗವನ್ನು ಬದಲಿಸಿ, ಆ ಹೊಸ ವೇಗದಿಂದಲೇ ಸ್ಥಾನವನ್ನು ಸರಿಸಿದೆ. ಪ್ರೋಗ್ರಾಮಿನಲ್ಲಿ ತಿದ್ದಿದ್ದು ಒಂದೇ ಸಾಲು. ಮಧ್ಯಾಹ್ನದ ಊಟ ಬಿಟ್ಟು ನೋಡುತ್ತಾ ಕುಳಿತೆ. ಗ್ರಹ ಸುತ್ತಿತು, ಮತ್ತೆ ಸುತ್ತಿತು. ಬದಲಾಗದೆ ಉಳಿಯಬೇಕಾದ ಗ್ರಹದ ಒಟ್ಟು ಶಕ್ತಿಯ ಅಂಕಿ ಒಂದಿಷ್ಟು ಏರಿತು, ಇಳಿಯಿತು, ಮೊದಲಿನ ಹತ್ತಿರಕ್ಕೇ ಬಂತು. ಸಂಜೆಯಾದರೂ ಗ್ರಹ ಸೂರ್ಯನನ್ನು ಬಿಡಲಿಲ್ಲ.

ಮಾರ್ಗದರ್ಶಕರು ಕಾಗದಗಳನ್ನು ಎರಡೆರಡು ಬಾರಿ ತಿರುವಿದರು. "ಇದು ವಿದ್ವಾಂಸರಿಗೆ ಗೊತ್ತಿರುವ ಕ್ರಮವೇ, ನನಗೇ ಹೊಳೆದಿರಲಿಲ್ಲ. ಸ್ಥಾನವನ್ನು ಒಂದು ಅಕ್ಷದಲ್ಲಿ, ವೇಗವನ್ನು ಇನ್ನೊಂದರಲ್ಲಿ ಗುರುತಿಸಿದಾಗ ಆಗುವ ಚಿತ್ರದ ವಿಸ್ತೀರ್ಣವನ್ನು ಇದು ಪ್ರತಿ ಹೆಜ್ಜೆಯಲ್ಲೂ ಬದಲಾಗದಂತೆ ಕಾಯುತ್ತದೆ. ಆ ಜ್ಯಾಮಿತಿಯನ್ನು ಬರೆದು ತನ್ನಿ, ಪ್ರಬಂಧ ನಿಲ್ಲುತ್ತದೆ" ಎಂದರು. ಎಷ್ಟು ಸಾಧುವಾದ ಕ್ರಮ! ಪ್ರತಿ ಹೆಜ್ಜೆಯಲ್ಲೂ ಚೂರು ತಪ್ಪುತ್ತದೆ, ಆದರೆ ಉಳಿಸಬೇಕಾದ್ದನ್ನು ಉಳಿಸಿಕೊಳ್ಳುತ್ತದೆ.

ಗಡುವಿಗೆ ಎರಡು ದಿನ ಮೊದಲು ಪ್ರಬಂಧ ಕೊಟ್ಟೆ. ಬೇಸಿಗೆಯಲ್ಲಿ ಪದವಿ ಬಂತು. ಅಣ್ಣನಿಗೆ ಹೇಳಿದರೆ, "ನಾ ಬೈದದ್ದಕ್ಕೆ ಡಾಕ್ಟ್ರ್ ಪದವಿಯಾ ಮಾರಾಯ್ತಿ? ಹಂಗಾರೆ ನಮ್ ತಂಡದವ್ರಿಗೆಲ್ಲ ಕೊಡ್ಕ್!" ಎಂದು ನಕ್ಕ.

ಅಣ್ಣನ ಜೊತೆಗೇ ಹೋಗಿ ವಿನಾಯಕನಿಗೆ ಪಂಚಕಜ್ಜಾಯ ಮಾಡಿಸಿದೆ. ಆರು ವರ್ಷ ಪುಸ್ತಕದಲ್ಲಿ ಹುಡುಕಿದ ಉತ್ತರವನ್ನು ನಮ್ಮ ಮನೆಯವರ ಬಾಯಿಂದಲೇ ಹೇಳಿಸಿದ ಸ್ವಾಮಿಗೆ ನಾನು ಎಂದೆಂದಿಗೂ ಋಣಿ.