ಪಕ್ಕದ ಮನೆಯವರ ಸುಖ

ಮನುಷ್ಯರ ಸಂತೋಷವನ್ನು ಅಳೆಯುವುದು ನನ್ನ ಕಸುಬು. ನಗಬೇಡಿ, ಇದಕ್ಕೆ ತಿಂಗಳಾದರೆ ಸಂಬಳ ಬರುತ್ತದೆ. ಶ್ರೀರಂಗಪಟ್ಟಣದ ಕಾಲೇಜೊಂದರಲ್ಲಿ ಮನಃಶಾಸ್ತ್ರ ಪಾಠ ಹೇಳುತ್ತೇನೆ. ರಜೆ ಬಂತೆಂದರೆ ಹೆಗಲಿಗೆ ಚೀಲ ಏರಿಸಿ ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಬಸ್ಸು ಹತ್ತಿ ಊರೂರು ಸುತ್ತುತ್ತೇನೆ. ಮನಃಶಾಸ್ತ್ರವೆಂದರೆ ಹುಚ್ಚು ಬಿಡಿಸುವ ವಿದ್ಯೆ ಎಂದುಕೊಂಡಿರುವ ಹುಟ್ಟೂರು ಕ್ಯಾತನಹಳ್ಳಿಯಲ್ಲಿ ಮಾತ್ರ ನಾನು ಇವತ್ತಿಗೂ ‘ಉಚ್ಚರ ಮೇಡಮ್ಮು’.

ಊರವರ ಸಂತೋಷವನ್ನೆಲ್ಲ ಅಳೆದ ನನಗೆ ಒಬ್ಬಳ ಸಂತೋಷ ಮಾತ್ರ ಕೈಗೆ ಸಿಕ್ಕಿರಲಿಲ್ಲ. ನನ್ನ ಅವ್ವನದು. ಟೀಚರ್ ಟ್ರೇನಿಂಗ್ ಮಾಡು ಎಂದು ಅವಳು ಹಟ ಹಿಡಿದಿದ್ದಾಗ ಅವಳ ಮಾತು ಮೀರಿ ಮನಃಶಾಸ್ತ್ರಕ್ಕೆ ಸೇರಿದವಳು ನಾನು. ಡಾಕ್ಟರೇಟ್ ಬಂದಾಗ, “ಸರಿ, ಸೊಂಟ ನೋವಿಗೆ ಏನಾರ ಮಾತ್ರೆ ಬರ್ಕೊಡ್ತೀಯಾ?” ಎಂದಳು. ಪ್ರೊಫೆಸರ್ ಆದೆನೆಂದು ಫೋನಿನಲ್ಲಿ ಕಿರುಚಿದರೆ, “ಆಗ್ಲಿ. ಉಂಡ್ಯಾ?” ಅಷ್ಟೆ! ನೀನು ಓದಿದ್ದು ನನಗೆ ಖುಷಿ ಕಣೇ ಅಂತ ಒಂದೇ ಒಂದು ಸಲ ಅನ್ನಬಾರದೇ? ಐವತ್ತು ದಾಟಿದ ಹೆಂಗಸಿಗೆ ಇಂಥ ಆಸೆ ನಾಚಿಕೆಗೇಡು ಅನ್ನಿ. ಆದರೆ ಇತ್ತು, ಏನು ಮಾಡಲಿ.

ಹೋದ ಬೇಸಿಗೆಯಲ್ಲಿ ಚಿನಕುರಳಿಯಲ್ಲಿ ಕೆಲಸ ಶುರುಮಾಡಿದೆ. ಜೊತೆಗೆ ನನ್ನ ಕೈಕೆಳಗೆ ಸಂಶೋಧನೆ ಮಾಡುವ, ನಗರದಲ್ಲೇ ಬೆಳೆದ ವಿದ್ಯಾರ್ಥಿನಿ. ಪ್ರಶ್ನೆ ಸರಳ: ನಿಮ್ಮ ಬದುಕಿನ ಖುಷಿಗೆ ಐದರಲ್ಲಿ ಎಷ್ಟು ಅಂಕ ಕೊಡುತ್ತೀರಿ? ಮಗಳ ಮದುವೆ ಗೊತ್ತಾಗಿ ಮನೆಗೆ ಬಣ್ಣ ಹೊಡೆಸುತ್ತಿದ್ದ ಯಜಮಾನ, ಹಲ್ಲೆಲ್ಲ ತೋರಿಸಿ ನಗುತ್ತ, “ಏನ್ ಕುಸಿ ಬುಡವ್ವ, ಏನೋ ಇವ್ನಿ. ಒಂದ್ ಆಕೊ” ಎಂದ. ಹಸು ಕರು ಹಾಕಿದ ಸಂಭ್ರಮದಲ್ಲಿ ನಮಗೆ ತಟ್ಟೆ ತುಂಬ ಗಿಣ್ಣು ಕೊಟ್ಟ ಹೆಂಗಸೂ, “ನಮ್ದೂ ಒಂದೇ ಕಣವ್ವ” ಎಂದಳು.

ಸಂಜೆ ಲೆಕ್ಕ ಕೂಡಿದರೆ ಊರಿಗೆ ಊರೇ ಒಂದು! ವಿದ್ಯಾರ್ಥಿನಿ ಬೆವೆತುಬಿಟ್ಟಳು. “ಮೇಡಂ, ಇಡೀ ಊರಿಗೆ ಖಿನ್ನತೆ! ಯಾರಿಗಾದರೂ ತಿಳಿಸಬೇಕಲ್ವಾ?” ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಇದೇ ಸೀಮೆಯಲ್ಲಿ ಹುಟ್ಟಿ ಬೆಳೆದ ನನಗೆ ಹೊಳೆಯಲಿಲ್ಲವಲ್ಲ. ನಾನು ಸುಖವಾಗಿದ್ದೇನೆ ಅಂತ ನಮ್ಮಲ್ಲಿ ಯಾರಾದರೂ ಬಾಯಿಬಿಟ್ಟು ಹೇಳುತ್ತಾರೆಯೇ? ಹೇಳಿದರೆ ದೃಷ್ಟಿ ತಾಗದೆ ಬಿಡುತ್ತದೆಯೇ?

ಮಾರನೆಯ ದಿನ ಪ್ರಶ್ನೆಯನ್ನೇ ತಿರುಗಿಸಿದೆ. ನಿಮ್ಮ ಪಕ್ಕದ ಮನೆಯವರು ಹೇಗಿದ್ದಾರೆ? ಅಬ್ಬಬ್ಬಾ, ಕಟ್ಟೆ ಒಡೆಯಿತು! “ಅವ್ರಿಗೇನವ್ವ ಬಂದಿರೋದು, ಸುಕದ್ ಸುಪ್ಪತ್ಗೇಲವ್ರೆ! ಐದ್ ಆಕು!” ಆ ಪಕ್ಕದ ಮನೆಗೆ ಹೋದರೆ ಅವರು ಇವರಿಗೆ ಐದು. ಸಂಜೆಯ ಹೊತ್ತಿಗೆ ಚಿನಕುರಳಿಯಷ್ಟು ಸುಖವಾದ ಊರು ಭೂಮಿಯ ಮೇಲೆಯೇ ಇರಲಿಲ್ಲ.

ಅದೇ ಉಮೇದಿನಲ್ಲಿ ವಿದ್ಯಾರ್ಥಿನಿಯನ್ನು ಕ್ಯಾತನಹಳ್ಳಿಗೆ ಕರೆದುಕೊಂಡು ಹೋದೆ. ಅವ್ವ ಜಗಲಿಯ ಮೇಲೆ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೂತಿದ್ದಳು. ಹುಡುಗಿ ಅವಳನ್ನೂ ಕೇಳಿಯೇಬಿಟ್ಟಳು.

“ಏನೋ ಇವ್ನಿ ಮಗ. ಒಂದ್ ಬರ್ಕೊ.”

ಕಾರಣ ಗೊತ್ತಿದ್ದರೂ ನನಗೆ ಹೊಟ್ಟೆ ಉರಿಯಿತು. ತಡೆಯಲಾರದೆ ಪಕ್ಕದ ಮನೆಯ ದೊಡ್ಡಮ್ಮನನ್ನು ಕೂಗಿ ಕರೆದೆ. “ದೊಡ್ಡವ್ವ, ನಮ್ಮವ್ವ ಎಂಗವ್ಳೆ, ನೀನಾರ ಯೋಳು!”

“ಅವ್ಳಿಗೇನ್ ದಾಡಿ ಕಣೇ! ಡೇರೀಲಿ ಆಲಿನ್ ಕ್ಯಾನ್ ಕೆಳಗಿಡೋಕ್ ಮುಂಚೆ ನಿನ್ ಪುರಾಣ ಸುರು ಮಾಡ್ತಾಳೆ. ನನ್ ಮಗ್ಳು ಪ್ರೊಪೆಸರ್ರು, ಯಾರ್ ಮನ್ಸಲ್ಲಿ ಏನದೆ ಅಂತ ಎಲ್ಲಾ ಗೊತ್ತಾಯ್ತದೆ ಅವ್ಳಿಗೆ ಅಂತ. ಕೇಳಿ ಕೇಳಿ ನಮ್ ಕಿವಿ ತೂತ್ ಬಿದ್ದೋಗವೆ. ಐದಲ್ಲ, ಐವತ್ ಆಕು!”

ಅವ್ವ ಮೊರ ಬಿಸಾಕಿ ಎದ್ದಳು. “ನಿನ್ ಕಣ್ಣಿಗ್ ಮಣ್ಣಾಕ! ನನ್ ಮಗಿನ್ ಮ್ಯಾಲೇ ಬಿತ್ತಾ ನಿನ್ ಕಣ್ಣು?” ಎಂದು ಬೈಯುತ್ತಲೇ ನನ್ನ ರಟ್ಟೆ ಹಿಡಿದು ಒಳಗೆ ಎಳೆದುಕೊಂಡು ಹೋದಳು. ಮುಷ್ಟಿಯಲ್ಲಿ ಉಪ್ಪು, ಒಣಮೆಣಸಿನಕಾಯಿ ಹಿಡಿದು ನನಗೆ ನೀವಾಳಿಸಿ ಒಲೆಯ ಕೆಂಡಕ್ಕೆ ಹಾಕಿದಳು. ದೃಷ್ಟಿ ಜೋರಾಗಿ ತಾಗಿದ್ದರೆ ಮೆಣಸಿನಕಾಯಿ ಸುಟ್ಟರೂ ಘಾಟು ಬರುವುದಿಲ್ಲ ಎಂಬುದು ನಮ್ಮ ಕಡೆಯ ನಂಬಿಕೆ.

ಬಂತು ನೋಡಿ ಘಾಟು! ವಿದ್ಯಾರ್ಥಿನಿ ಕೆಮ್ಮುತ್ತ ಬೀದಿಗೆ ಓಡಿದಳು. ದೊಡ್ಡಮ್ಮ ಹೊರಗಿನಿಂದಲೇ ಸೀನತೊಡಗಿದಳು. ಅವ್ವ ಕಣ್ಣು ಮೂಗಲ್ಲೆಲ್ಲ ನೀರು ಸುರಿಸಿಕೊಂಡು, ಕೆಮ್ಮಿ ಕೆಮ್ಮಿ ಗೋಡೆ ಹಿಡಿದು ನಿಂತಳು.

“ನೋಡ್ದಾ... ಒಂಚೂರಾರ... ಘಾಟ್ ಬಂತಾ? ಊರ್ ಕಣ್ಣೆಲ್ಲ... ನಿನ್ ಮ್ಯಾಲೇ ಅದೆ ಕಣವ್ವ!”

“ಇಲ್ಲ ಕಣವ್ವ, ಬರ್ಲೇ ಇಲ್ಲ” ಎಂದು ನಾನೂ ಕೆಮ್ಮಿದೆ.