ಅರಿಶಿನ ಹಚ್ಚಿದ ಚೀಟಿಗಳು

ನನ್ನ ಇಂಗ್ಲಿಷ್ ಮಿಸ್ಸಿನ ಬಲಗೈ ಹೆಬ್ಬೆರಳು ಕತ್ತರಿ ಹಿಡಿದು ಹಿಡಿದು ಜಡ್ಡುಗಟ್ಟಿತ್ತು. ಎಡಗೈಯೂ ಇರಬಹುದು, ನನ್ನ ನೆನಪನ್ನು ನಾನೇ ಪೂರ್ತಿ ನಂಬುವುದಿಲ್ಲ. ಆ ಬೆರಳಿಗೆ ಅಂಟಿರುತ್ತಿದ್ದ ಅರಿಶಿನ ಮಾತ್ರ ಸುಳ್ಳಲ್ಲ.

ಅದು ಮದುವೆ ಕಾರ್ಡುಗಳ ಅರಿಶಿನ. ಶಾಲೆ ಬಿಟ್ಟ ಮೇಲೆ ಚನ್ನರಾಯಪಟ್ಟಣದ ತಮ್ಮ ಮನೆಯಲ್ಲೂ ಪಾಠ ಹೇಳುತ್ತಿದ್ದ ಮಿಸ್ಸು, ಮುಗಿದ ಮದುವೆಗಳ ಕಾರ್ಡು ಕತ್ತರಿಸಿ ಚೀಟಿ ಮಾಡುತ್ತಿದ್ದರು. ಒಂದರ ಬೆನ್ನಿಗೆ ‘ಅನ್’, ಇನ್ನೊಂದಕ್ಕೆ ‘ಹ್ಯಾಪಿ’, ಮತ್ತೊಂದಕ್ಕೆ ‘ನೆಸ್’. ಜೋಡಿಸುವುದು, ಬಿಡಿಸುವುದು ನಮ್ಮ ಕೆಲಸ. ದಂಡಿಗನಹಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ನಾನು ಉದ್ದದ ಪದ ಕಂಡರೆ ಪುಸ್ತಕ ಮುಚ್ಚಿಬಿಡುತ್ತಿದ್ದೆ.

“ಹುರುಳಿಕಾಯಿ ಬಿಡ್ಸಿದೀಯ ತಾನೆ? ತಲೆ ಮುರಿ, ಬಾಲ ಮುರಿ. ಒಳ್ಗಿರೋದು ನಿಂಗೆ ಗೊತ್ತಿರೋದೇ ಕಣೆ. ಬಾಲ ಬಿಸಾಕ್ಬೇಡ ಮತ್ತೆ, ಇನ್ನೊಂದು ಪದಕ್ಕೆ ಬೇಕಾಗುತ್ತೆ,” ಎನ್ನುತ್ತಿದ್ದರು ಮಿಸ್ಸು.

ಹತ್ತನೇ ಕ್ಲಾಸಿನಲ್ಲಿದ್ದಾಗ ಮನೆಯಿಂದ ಒಂದು ಕಟ್ಟು ಹಳೆಯ ಕಾರ್ಡು ಒಯ್ದೆ. ಚಿಕ್ಕಮ್ಮ ಕಟ್ಟಿಕೊಟ್ಟಿದ್ದಳು. ಮಿಸ್ಸು ಒಳಗೆ ಹೋದಾಗ ನಾನೇ ಕತ್ತರಿ ಹಿಡಿದೆ. ಕೊನೆಯದು ಎರಡು ತುಂಡಾದ ಮೇಲೆ ನೋಡಿದರೆ, ಅದು ಚಿಕ್ಕಮ್ಮನದೇ ಮದುವೆಯ ಕಾರ್ಡು. ದೇವರ ಗೂಡಿನಲ್ಲಿಟ್ಟು ಪೂಜೆ ಮಾಡಿದ್ದ ಮೊದಲನೆಯದು. ಮದುವೆಗೆ ಇನ್ನೂ ಒಂಬತ್ತು ದಿನವಿತ್ತು.

ಎರಡೇ ದಿನಕ್ಕೆ ಗಂಡಿನವರು ಸಂಬಂಧ ಮುರಿದರು. ಗೂಡಿನಲ್ಲಿ ಕಾರ್ಡು ಕಾಣದೆ ಅಜ್ಜಿ ನನ್ನ ಚೀಲ ಸುರಿದಳು. ನಾನು ಬಚ್ಚಿಟ್ಟಿದ್ದ ತುಂಡುಗಳು ಬಿದ್ದವು.

“ಮದ್ವೇನೇ ಕತ್ತರಿಸ್ಬುಟ್ಟವ್ಳಲ್ಲ! ಇನ್ನು ಇಸ್ಕೂಲ್ ಕಡೀಕೆ ಕಾಲಿಟ್ಟೀಯ, ನೋಡು!”

ನಾಲ್ಕು ದಿನ ನಾನು ಕಾಣದಿದ್ದಾಗ ಮಿಸ್ಸೇ ಬಸ್ಸು ಹತ್ತಿ ಬಂದರು. ಅಜ್ಜಿಯ ಮಾತು ಕೇಳಿ, “ಕತ್ತರಿಸಿದ್ದು ನಾನು ಕಣಮ್ಮ. ಬಯ್ಯೋದಿದ್ರೆ ನನ್ನ ಬಯ್ರಿ. ಹುಡ್ಗೀನ ಕಳ್ಸಿ,” ಎಂದರು.

“ಓದ್ದೋರು ನೀವು, ಅಂಗೆ ಮಾಡ್ಬೋದಾ?” ಎಂದು ಶುರುಮಾಡಿದ ಅಜ್ಜಿ ಬಾಯಿಗೆ ಬಂದಂತೆ ಬೈದಳು. ಮಿಸ್ಸು ನಿಂತು ಕೇಳಿಸಿಕೊಂಡರು. ನಾನು ಬಾಗಿಲ ಹಿಂದಿನಿಂದ ಹೊರಗೆ ಬರಲಿಲ್ಲ.

ಮರುದಿನ ನನ್ನನ್ನು ಶಾಲೆಗೆ ಬಿಟ್ಟರು. ನಮ್ಮೂರಿನಿಂದ ಮಿಸ್ಸಿಗೆ ಮತ್ತೆ ಒಂದೇ ಒಂದು ಮದುವೆ ಕಾರ್ಡೂ ಹೋಗಲಿಲ್ಲ. ಅವರು ಹಳೆಯ ಕ್ಯಾಲೆಂಡರು ಕತ್ತರಿಸತೊಡಗಿದರು. ನಿಜವನ್ನು ನಾನು ಅಜ್ಜಿಗೆ ಕೊನೆಯವರೆಗೂ ಹೇಳಲಿಲ್ಲ. ಎಂ.ಎ. ಓದಿದೆ. ಇವತ್ತಿಗೂ ಗೊತ್ತಿಲ್ಲದ ಪದ ಎದುರಾದರೆ ಮೊದಲು ತಲೆ ಮುರಿಯುತ್ತೇನೆ, ಆಮೇಲೆ ಬಾಲ.

ಹೋದ ವರ್ಷ ಮಿಸ್ಸು ತೀರಿಕೊಂಡರು. ಬೇರೆ ಸಂಬಂಧಗಳನ್ನೆಲ್ಲ ಬೇಡವೆಂದು, ನರ್ಸಿಂಗ್ ಓದಿ, ಈಗ ಅರಕಲಗೂಡಿನಲ್ಲಿ ಕೆಲಸದಲ್ಲಿರುವ ಚಿಕ್ಕಮ್ಮ ಮಣ್ಣಿಗೆ ಬಂದಿದ್ದಳು. ನನಗಿಂತ ಹೆಚ್ಚು ಅತ್ತಳು. ವಾಪಸು ಬರುವಾಗ ಬಸ್ಸಿನಲ್ಲಿ ಕೇಳಿದೆ.

“ಚಿಕ್ಕಮ್ಮ, ದೇವ್ರ ಗೂಡಲ್ಲಿದ್ದ ಕಾರ್ಡು ನೀನು ಕಟ್ಕೊಟ್ಟ ಕಟ್ಟಿನೊಳಕ್ಕೆ ಹೆಂಗ್ ಬಂತು?”